ಈಶಾನ್ಯಕ್ಕೆ ತಲೆಯಿಟ್ಟು ಮಲಗುವ ಕಾರು

ತಾನಾ ಪಟ್ಟಣದಲ್ಲಿ ಮಾತನ್ನು ನೇರವಾಗಿ ಶುರು ಮಾಡುವವನನ್ನು ಯಾರೂ ಸಭ್ಯನೆಂದು ಕರೆಯುವುದಿಲ್ಲ. ಹೆಣ್ಣು ಕೇಳಲು ಹೋದವನು ಮೊದಲು ಆಕಾಶದ ಕ್ಷಮೆ ಕೇಳಬೇಕು, ಭೂಮಿಯ ಕ್ಷಮೆ ಕೇಳಬೇಕು, ಹಿರಿಯರದು, ಕಿರಿಯರದು, ತನಗಿಂತ ಚೆನ್ನಾಗಿ ಮಾತಾಡಬಲ್ಲವರದು, ಬರಲಾಗದೆ ಮನೆಯಲ್ಲಿ ಕೆಮ್ಮುತ್ತ ಮಲಗಿದವರದು, ಹೀಗೆ ಎಲ್ಲರ ಕ್ಷಮೆ ಕೇಳಿ ಮುಗಿದ ಮೇಲೆ ವಿಷಯಕ್ಕೆ ಬರಬೇಕು. ಇದಕ್ಕೆ ಕಬಾರಿ ಎನ್ನುತ್ತಾರೆ. ರಾಬೆಂಜನ ಕಬಾರಿ ಇದೆಯೆಂದು ತಿಳಿದರೆ ಜನ ಮನೆಯಲ್ಲೇ ಒಂದು ಊಟ ಮುಗಿಸಿಕೊಂಡು ಬರುತ್ತಿದ್ದರು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ನಿವೃತ್ತನಾದ ಈ ಮನುಷ್ಯ, ಒತ್ತುವ ಕೆಲಸದಲ್ಲಿ ಇಡೀ ಜನ್ಮ ಬಾಯಿ ಮುಚ್ಚಿಕೊಂಡಿದ್ದುದನ್ನೆಲ್ಲ ಈಗ ಮದುವೆ ಮನೆಗಳಲ್ಲಿ ತೀರಿಸಿಕೊಳ್ಳುತ್ತಿದ್ದ.

ಅವನ ಕಾರೂ ಅವನಂತೆಯೇ. ಕೆನೆ ಬಣ್ಣದ ಹಳೆಯ ಕತ್ರೆಲ್. ಬಾಗಿಲು ಹಾಕಿದರೆ ಬಿಸ್ಕತ್ತಿನ ಡಬ್ಬಿ ಮುಚ್ಚಿದ ಸದ್ದು. ಗೇರಿನ ಕೋಲು ಛತ್ರಿಯ ಹಿಡಿಯಂತೆ ಮುಂದಿನ ಹಲಗೆಯಿಂದ ಹೊರಚಾಚಿತ್ತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಮೊದಲು ನರಳುತ್ತಿತ್ತು, ಆಮೇಲೆ ಸೀನುತ್ತಿತ್ತು, ಆಮೇಲೆ ಇಟ್ಟ ವಸ್ತು ಎಲ್ಲಿಟ್ಟೆನೆಂದು ಜ್ಞಾಪಿಸಿಕೊಳ್ಳುವವರ ಹಾಗೆ ಬಹಳ ಹೊತ್ತು ಸುಮ್ಮನಾಗುತ್ತಿತ್ತು. ಓಣಿಯ ಹೆಂಗಸರು ಮೊದಲ ನರಳಾಟ ಕೇಳಿ ಅಕ್ಕಿ ತೊಳೆಯುತ್ತಿದ್ದರು. ಕಾರು ಹೊರಡುವ ಹೊತ್ತಿಗೆ ಗಂಜಿ ಇಳಿಸುತ್ತಿದ್ದರು. ಯಾರಾದರೂ ನಕ್ಕರೆ ರಾಬೆಂಜನಿಗೆ ಕೋಪ ಬರುತ್ತಿರಲಿಲ್ಲ. "ನಮ್ ಕಾರು ತಡ ಮಾಡಲ್ಲ. ಪೀಠಿಕೆ ಹಾಕುತ್ತೆ, ಅಷ್ಟೆ," ಎನ್ನುತ್ತಿದ್ದ.

ಹಾಗೆಂದು ಅವನು ಕೈಕಟ್ಟಿ ಕೂತವನಲ್ಲ. ಬ್ಯಾಟರಿ ಬದಲಾಯಿಸಿದ. ಪ್ಲಗ್ಗು ಬದಲಾಯಿಸಿದ. ತಂತಿಗಳನ್ನು ಬದಲಾಯಿಸಿದ. ಪಕ್ಕದ ಮನೆಯ ದರ್ಜಿ ದೆಡೇ, ತನ್ನ ಹೊಲಿಗೆ ಯಂತ್ರದ ಅನುಭವದ ಮೇಲೆ, ಎಲ್ಲ ರೋಗಕ್ಕೂ ಎಣ್ಣೆಯೇ ಮದ್ದೆಂದು ಹೇಳಿ ಕೈ ಎಟುಕಿದಲ್ಲೆಲ್ಲ ಎಣ್ಣೆ ಬಿಟ್ಟ. ಕೆರೆಯ ಪಕ್ಕದ ಗ್ಯಾರೇಜಿಗೆ ಒಯ್ದು ರಾತ್ರಿಯಿಡೀ ಬಿಟ್ಟು ನೋಡಿದ್ದೂ ಆಯಿತು. ಅಲ್ಲಿ ಅದು ಬೆಳಿಗ್ಗೆ ಒಂದೇ ತಿರುವಿಗೆ ಎದ್ದು ನಿಂತಿತ್ತು. ವೈದ್ಯರ ಎದುರಿಗೆ ಮಾತ್ರ ಕೆಮ್ಮು ನಿಲ್ಲಿಸುವ ಮಕ್ಕಳಿರುತ್ತವಲ್ಲ, ಹಾಗೆ. ಗ್ಯಾರೇಜಿನವನು ರಾಬೆಂಜನನ್ನು ಕನಿಕರದಿಂದ ನೋಡಿ, ಕಾರಿಗೆ ಏನೂ ಆಗಿಲ್ಲ, ತಾವು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಕಳಿಸಿದ್ದ.

ಈ ಕಾರು ಮನೆಗೆ ಬಂದ ದಿನ ಹಿರಿಯರು ಅದಕ್ಕೆ ನೀರು ಚಿಮುಕಿಸಿ ಹರಸಿದ್ದರು. ಆಗ ಅದು ಮಲಗುವ ದಿಕ್ಕನ್ನು ನಿಶ್ಚಯಿಸಿದವಳು ರಾಬೆಂಜನ ಅತ್ತೆ ರಾಫಾರ. ಈ ಅಜ್ಜಿ ಮಗಳ ಮನೆಯಲ್ಲೇ ಇದ್ದಳು, ಮನೆಯ ದಿಕ್ಕುಗಳೆಲ್ಲ ಅವಳ ವಶದಲ್ಲಿದ್ದವು. ಈಶಾನ್ಯ ಮೂಲೆ ಹಿರೀಕರದು. ಮನೆಯಲ್ಲಿ ಮಲಗುವವರ ತಲೆಯೆಲ್ಲ ಆ ಕಡೆಗೆ. "ಇದೂ ಮನೇಲಿ ಮಲಗೋದೇ ತಾನೇ? ರಾತ್ರಿಯೆಲ್ಲ ಹಿರೀಕರಿಗೆ ಹಿಂಭಾಗ ತೋರಿಸ್ಕೊಂಡು ಮಲಗೋದು ಬೇಡ," ಎಂದಿದ್ದಳು. ರಾಬೆಂಜನ ಓಣಿ ಗುಡ್ಡದ ಪಶ್ಚಿಮದ ಇಳಿಜಾರಿನಲ್ಲಿತ್ತು. ಅಲ್ಲಿ ಈಶಾನ್ಯವೆಂದರೆ ಏರು. ಹಾಗಾಗಿ ಕಾರು ಪ್ರತಿ ರಾತ್ರಿ ಮೂತಿ ಮೇಲೆತ್ತಿಕೊಂಡು, ಹಿಂದಿನ ಚಕ್ರಕ್ಕೆ ಕಲ್ಲು ಒತ್ತು ಕೊಟ್ಟುಕೊಂಡು, ಚರ್ಚಿನ ಶಿಖರ ನೋಡುತ್ತ ಮಲಗುತ್ತಿತ್ತು. ಈ ವಿಷಯವನ್ನು ಮತ್ತೆ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಹೀಗಿರುವಾಗ ಫನೀರಿಗೆ ಹೆಣ್ಣು ಗೊತ್ತಾಯಿತು. ಫನೀರಿ ರಾಬೆಂಜನ ತೀರಿಹೋದ ತಮ್ಮನ ಮಗ. ರಾಬೆಂಜ ಮತ್ತು ಹೆಂಡತಿ ಬಾಕೂಲಿಯೇ ಸಾಕಿದವರು. ಹುಡುಗ ಮಾತು ಕಡಿಮೆ. ದೊಡ್ಡಪ್ಪನ ಮನೆಯಲ್ಲಿ ಬೆಳೆದವನಿಗೆ ಮಾತಾಡಲು ಸರದಿ ಎಲ್ಲಿ ಸಿಗಬೇಕು? ಆದರೂ ಹೇಗೋ ಹಾಸಿನಾ ಎಂಬ ಹುಡುಗಿಗೆ ತನ್ನ ಮನಸ್ಸು ತಿಳಿಸಿದ್ದ, ಅವಳೂ ಒಪ್ಪಿದ್ದಳು. ಒಪ್ಪಬೇಕಾದವರು ಅವಳ ಅಪ್ಪ ರಾಂಜಾತು.

ರಾಂಜಾತು ನಿವೃತ್ತ ಸ್ಟೇಷನ್ ಮಾಸ್ತರರು. ರೈಲು ಯಾವಾಗ ಬೇಕಾದರೂ ಬರಲಿ, ತಾವು ಮಾತ್ರ ಒಂದು ನಿಮಿಷ ಆಚೀಚೆ ಆಗದೆ ಬಾವುಟ ಹಿಡಿದು ನಿಂತಿದ್ದವರು. ಶುಭಕಾರ್ಯವೆಲ್ಲ ಸೂರ್ಯ ಏರುತ್ತಿರುವಾಗಲೇ ಆಗಬೇಕು, ಇಳಿಯಲು ತೊಡಗಿದ ಮೇಲೆ ಕೇಳಿದ ಹೆಣ್ಣು ಉಳಿಯುವುದಿಲ್ಲ ಎಂಬುದು ಅಲ್ಲಿಯವರಿಗೆಲ್ಲ ಗೊತ್ತಿದ್ದದ್ದೇ. ಉಳಿದವರು ಇದನ್ನು ನಂಬಿಕೆಯೆಂದು ನಡೆಸಿದರೆ ರಾಂಜಾತು ವೇಳಾಪಟ್ಟಿಯೆಂದು ನಡೆಸುತ್ತಿದ್ದರು. ಹಿಂದೆ ಹಾಸಿನಾಳನ್ನು ಕೇಳಲು ಬಂದಿದ್ದ ಒಂದು ಮನೆಯವರು ಚರ್ಚಿನ ಮಧ್ಯಾಹ್ನದ ಗಂಟೆ ನಿಂತ ಮೇಲೆ ಅಂಗಳಕ್ಕೆ ಕಾಲಿಟ್ಟಿದ್ದರು. ಅವರಿಗೆ ನೀರು ಕೊಟ್ಟು, ಕುಶಲ ಕೇಳಿ, ವಾಪಸ್ ಕಳಿಸಿದ್ದರು. ಮತ್ತೆ ಬನ್ನಿ ಎನ್ನಲಿಲ್ಲ.

ಅವರ ಮನೆ ದೂರವೇನೂ ಇರಲಿಲ್ಲ. ಅದೇ ಗುಡ್ಡದ ಪೂರ್ವದ ಮಗ್ಗುಲು. ಚರ್ಚಿನ ಪಕ್ಕದ ಕಲ್ಲಿನ ಮೆಟ್ಟಿಲು ಹತ್ತಿ ಇಳಿದರೆ ಕಾಫಿ ಆರುವುದರೊಳಗೆ ತಲುಪಬಹುದು. ಕಾರಿನಲ್ಲಾದರೆ ಕೆಳಗಿಳಿದು, ಕೆರೆ ಬಳಸಿ, ಸಂತೆಯ ಗದ್ದಲದಲ್ಲಿ ಸಿಕ್ಕಿಕೊಂಡು, ಸುರಂಗ ದಾಟಿ, ಮತ್ತೆ ಗುಡ್ಡ ಹತ್ತಬೇಕು. ನಡೆದೇ ಹೋಗೋಣವೆಂದು ಬಾಕೂಲಿ ಹೇಳಿ ನೋಡಿದಳು. ರಾಬೆಂಜ ಒಪ್ಪಲಿಲ್ಲ. ಮೊದಲ ಭೇಟಿಯಲ್ಲೇ ಅವನು ರಾಂಜಾತು ಎದುರು, ನಮ್ಮ ಕಡೆಯ ಹಿರಿಯರನ್ನು ನನ್ನ ಸ್ವಂತ ಕಾರಿನಲ್ಲಿ ನಿಮ್ಮ ಬಾಗಿಲಿಗೇ ತರುತ್ತೇನೆ ಎಂದು ಹೇಳಿ ಬಂದಿದ್ದ. ಅಲ್ಲದೆ ರಾಫಾರ ಅಜ್ಜಿಯ ಮಂಡಿಗೆ ಮೆಟ್ಟಿಲು ಆಗದು. ಮನೆಯ ಹಿರಿಯಳು ಕೊಡಬೇಕಾದ ಕುರಿಯ ಹಿಂದಿನ ತೊಡೆಯಿಲ್ಲದೆ ಹೆಣ್ಣು ಕೇಳುವ ಶಾಸ್ತ್ರವೂ ಆಗದು.

ಆ ದಿನ ಚಳಿಗಾಲದ ಬೆಳಗು, ಗುಡ್ಡದ ಮೇಲೆ ಮಂಜು. ಎಲ್ಲರೂ ಬಿಳಿಯ ಲಾಂಬವೆಂಬ ಶಾಲು ಹೊದ್ದು ಸಿದ್ಧರಾದರು. ಬಾಕೂಲಿ ಬೇಯಿಸಿದ ತೊಡೆಯನ್ನು ಪಾತ್ರೆಯಲ್ಲಿಟ್ಟು ಬಟ್ಟೆ ಕಟ್ಟಿದಳು. ಅಜ್ಜಿ ಮುಂದಿನ ಸೀಟಿನಲ್ಲಿ ಕೂತು ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಶುಭಕ್ಕೆ ಹೊರಟು ಕೂತವಳು ಇನ್ನು ಹೆಣ್ಣಿನ ಮನೆಯಲ್ಲೇ ಇಳಿಯುವುದು ಎಂದು ಸಾರಿದಳು. ರಾಬೆಂಜ ಕೀಲಿ ತಿರುಗಿಸಿದ.

ಕಾರು ನರಳಿತು. ಸೀನಿತು. ಜ್ಞಾಪಿಸಿಕೊಳ್ಳತೊಡಗಿತು.

ಓಣಿ ಸೇರಿತು. ಹಲ್ಲುಜ್ಜುತ್ತಿದ್ದವರು ಹಾಗೆಯೇ ಬಂದರು. ಬ್ಯಾಟರಿ ಎಂದರು ಒಬ್ಬರು, ಚಳಿ ಎಂದರು ಮತ್ತೊಬ್ಬರು, ಕುರಿಮಾಂಸದ ವಾಸನೆ ಎಂಜಿನ್ನಿಗೆ ಆಗದು ಎಂದೂ ಒಂದು ಅಭಿಪ್ರಾಯ ಬಂತು. ದೆಡೇ ಎಣ್ಣೆಯ ಶೀಸೆ ತಂದ. ಕೊನೆಗೆ ಯಾರೋ ಬುದ್ಧಿವಂತರು, ಕಲ್ಲು ತೆಗೆಯಿರಿ, ಹಿಂದಕ್ಕೆ ಉರುಳುತ್ತಿರುವಾಗಲೇ ರಿವರ್ಸ್ ಗೇರಿಗೆ ಹಾಕಿದರೆ ಹೊತ್ತಿಕೊಳ್ಳುತ್ತದೆ ಎಂದರು. ರಾಬೆಂಜ ಕಲ್ಲಿಗೆ ಕೈ ಹಾಕಿಯೂ ಬಿಟ್ಟಿದ್ದ.

"ಹೆಣ್ಣು ಕೇಳೋಕೆ ಹಿಂದು ಹಿಂದಕ್ಕೆ ಹೋಗ್ತೀಯೇನಪ್ಪಾ?" ಎಂದಳು ಅಜ್ಜಿ ಕಿಟಕಿಯಿಂದ. "ಹಾಗಿದ್ರೆ ಮದುವೆ ಬಿಟ್ಟು ನೇರ ತಿಥಿಗೆ ಹೋಗಿಬಿಡು."

ಕೈ ಹಿಂದೆ ಬಂತು. ಉಳಿದದ್ದು ಒಂದೇ ದಾರಿ. ಕಾರನ್ನು ಏರಿನ ತುದಿಗೆ, ಚರ್ಚಿನ ಮುಂದಿನ ಸಮತಟ್ಟಿಗೆ ತಳ್ಳಿಕೊಂಡು ಹೋಗಿ, ತಿರುಗಿಸಿ, ಮುಖ ಕೆಳಗೆ ಮಾಡಿ ಉರುಳಿಬಿಡುವುದು. ಬಿಳಿ ಲಾಂಬಗಳನ್ನು ಸೊಂಟಕ್ಕೆ ಬಿಗಿದು ಹಿರಿಯರು ಭುಜ ಕೊಟ್ಟರು. ಮದುಮಗನಾಗಬೇಕಾದವನು ಎಲ್ಲರಿಗಿಂತ ಹಿಂದೆ, ಹೊಗೆಕೊಳವೆಯ ಹತ್ತಿರ. ಒಳಗೆ ಅಜ್ಜಿ ಪಾತ್ರೆ ಅಪ್ಪಿಕೊಂಡು ರಾಣಿಯಂತೆ ಕೂತಿದ್ದಳು. ತಳ್ಳುವವರಲ್ಲಿ ಯಾರ ಉಸಿರು ಕಡಿಮೆಯಾಯಿತೆಂದು ಹೆಸರು ಹಿಡಿದು ಹೇಳುತ್ತಿದ್ದಳು.

ಮೇಲೆ ತಿರುಗಿಸಿ ಬಿಟ್ಟರು. ಕಾರು ಸದ್ದಿಲ್ಲದೆ, ಬಹಳ ಸೊಗಸಾಗಿ, ಓಣಿಯ ಬುಡದವರೆಗೆ ಉರುಳಿ ನಿಂತಿತು. ಹೊತ್ತಿಕೊಳ್ಳಲಿಲ್ಲ. ಮತ್ತೆ ಮೇಲಕ್ಕೆ ತಳ್ಳಿದರು. ಮತ್ತೆ ತಿರುಗಿಸಿ ಬಿಟ್ಟರು. ಈ ಸಲ ಅರ್ಧ ದಾರಿಯಲ್ಲಿ ಒಮ್ಮೆ ಕೆಮ್ಮಿ, ಫನೀರಿಯ ಮುಖಕ್ಕೆ ಕರಿ ಹೊಗೆ ಉಗುಳಿ, ಬುಡದಲ್ಲಿ ತಣ್ಣಗಾಯಿತು.

ಇಷ್ಟಾದರೂ ಕೆಟ್ಟದ್ದೇನೂ ಆಗುತ್ತಿರಲಿಲ್ಲ, ಪೆರ್ಲೀನ್ ಎಂಬ ಹೆಂಗಸು ಇಲ್ಲದಿದ್ದರೆ. ಪೆರ್ಲೀನ್ ಗುಳಿ ಹಂಚಿನಲ್ಲಿ ಅಕ್ಕಿಯ ಪಡ್ಡು ಸುಟ್ಟು ಗುಡ್ಡದ ಎರಡೂ ಕಡೆ ಮಾರುವವಳು. ಪಡ್ಡಿನ ಜೊತೆಗೆ ಸುದ್ದಿಯನ್ನು ಬಿಸಿಯಾಗಿಯೇ ಕೊಡುತ್ತಿದ್ದಳು. ಮೊದಲ ಬುಟ್ಟಿ ಹೊತ್ತು ಮೆಟ್ಟಿಲಿಳಿದಾಗ ರಾಂಜಾತು ಮನೆಯವರಿಗೆ ಹೇಳಿದಳಂತೆ: ಗಂಡಿನ ಕಡೆಯವರು ಹೊರಟರು, ಓಣಿಯ ಬುಡದವರೆಗೆ ಹೋದರು, ಏನನ್ನಿಸಿತೋ, ವಾಪಸ್ ಬಂದರು. ಎರಡನೆಯ ಬುಟ್ಟಿಯ ಜೊತೆ ಹೇಳಿದ್ದು: ಮತ್ತೆ ಹೊರಟರು, ಮತ್ತೆ ಹಿಂದೆ ಸರಿದರು. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಾರಿನ ಮಾತನ್ನು ಮಾತ್ರ ಅವಳು ಹೇಳಲಿಲ್ಲ. ಆ ಕಾರು ಹೊರಡದಿರುವುದು ಅವಳ ಪಾಲಿಗೆ ಸುದ್ದಿಯೇ ಆಗಿರಲಿಲ್ಲ.

ಹೆಣ್ಣಿನ ಮನೆಯಲ್ಲಿ ಉರಿ ಹತ್ತಿತು. ಹೊರಟ ಸಂಬಂಧ ಅರ್ಧದಿಂದ ತಿರುಗುವುದೆಂದರೆ ಮನೆತನಕ್ಕೇ ಮಸಿ. ಹಾಸಿನಾಳ ಸೋದರತ್ತೆಯೊಬ್ಬಳು ಹುಡುಗ ಓಡಿಹೋಗಿರಬೇಕು ಎಂದಳು. ಇನ್ನೊಬ್ಬಳು, ಓಡಿಹೋದವನನ್ನು ಹಿಡಿದು ತಂದು ಕಾರಿನಲ್ಲಿ ಕಟ್ಟಿ ಕೂರಿಸಿ ಇಡೀ ಓಣಿ ಸೇರಿ ಕಾವಲು ನಿಂತಿದೆ ಎಂದು ಅದಕ್ಕೆ ಕೈಕಾಲು ಜೋಡಿಸಿದಳು. ಹಾಸಿನಾ ಮಾತ್ರ, ಅವನು ಓಡುವ ಜಾತಿಯಲ್ಲ, ಕೇಳಿಕೊಂಡು ಬನ್ನಿ ಎಂದಳಂತೆ. ರಾಂಜಾತು ಕೋಟು ತೊಟ್ಟು, ಮೇಲೆ ಲಾಂಬ ಹೊದ್ದು, ಕಬಾರಿಯಲ್ಲಿ ತಪ್ಪು ಹಿಡಿದು ಉತ್ತರ ಹೇಳಲಿದ್ದ ತಮ್ಮನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದರು.

ಮೂರನೆಯ ಸಲ ಕಾರನ್ನು ಮೇಲೆ ತಂದು, ತಿರುಗಿಸಿ, ಮುಖ ಇಳಿಜಾರಿಗೆ ಮಾಡಿ, ಮುಂದಿನ ಚಕ್ರಕ್ಕೆ ಕಲ್ಲಿಟ್ಟು ಎಲ್ಲರೂ ಏದುಸಿರು ಬಿಡುತ್ತಿದ್ದಾಗ ಅವರು ಚರ್ಚಿನ ಮೂಲೆಯಲ್ಲಿ ಕಾಣಿಸಿಕೊಂಡರು. ಸೂರ್ಯ ಶಿಖರದ ಮೇಲಿನ ಶಿಲುಬೆಗೆ ಹತ್ತಿರವಾಗಿದ್ದ.

"ಹುಡುಗ ಎಲ್ಲಿ?" ಎಂದರು ರಾಂಜಾತು. "ಕಟ್ಟಿ ಹಾಕಿದೀರಂತೆ."

ಕಾರಿನ ಹಿಂದಿನಿಂದ ಬಾಣಲೆಯ ತಳದಂತಹ ಮುಖವೊಂದು ಎದ್ದಿತು. "ಇಲ್ಲೇ ಇದೀನಿ ಮಾವ. ತಳ್ತಾ ಇದ್ದೆ."

"ಮಾವ ಅನ್ನೋಕೆ ಇನ್ನೂ ಹೊತ್ತಿದೆ." ಅವರು ರಾಬೆಂಜನ ಕಡೆ ತಿರುಗಿದರು. "ಒಂದು ಸಲ ಹೊರಟು ವಾಪಸ್ ಹೋದ್ರೆ ಏನೋ ಮರೆತಿದಾರೆ ಅಂದ್ಕೋತೀವಿ. ಎರಡು ಸಲ ಹೋದ್ರೆ ಅದು ಉತ್ತರ. ನಮ್ ಹುಡುಗೀಲಿ ಏನು ಐಬು ಕಂಡಿತು, ಅಷ್ಟು ಹೇಳಿ ಸಾಕು."

ರಾಬೆಂಜ ಫನೀರಿಯನ್ನು ನೋಡಿದ. ಕರಿ ಮುಖದಲ್ಲಿ ಎರಡು ಕಣ್ಣು ಮಾತ್ರ ಬೆಳ್ಳಗೆ, ಅವನನ್ನೇ ನಂಬಿಕೊಂಡು ನಿಂತಿದ್ದವು. ಕಾರು ಹೊರಡುತ್ತಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಅಷ್ಟು ದೊಡ್ಡವರ ಎದುರು ಅಷ್ಟು ಚಿಕ್ಕ ಮಾತು ಅವನ ಬಾಯಿಂದ ಹೊರಡುವುದಾದರೂ ಹೇಗೆ? ಅವನು ಸೊಂಟದ ಲಾಂಬ ಬಿಚ್ಚಿ, ಕೊಡವಿ, ಹೆಗಲಿಗೆ ಹೊದ್ದು, ಗಂಟಲು ಸರಿಮಾಡಿಕೊಂಡ. ಕಬಾರಿ ಶುರುವಾಯಿತು.

ಒಮ್ಮೆ ಕ್ಷಮೆಯ ಪೀಠಿಕೆ ಶುರುವಾದರೆ ಅದನ್ನು ನಡುವೆ ತಡೆಯುವಂತಿಲ್ಲ. ತಡೆದವನಿಗೆ ಊರಲ್ಲಿ ಮುಖವಿಲ್ಲ. ರಾಂಜಾತು ಗಡಿಯಾರ ನೋಡಿಕೊಂಡು, ಹಲ್ಲು ಕಚ್ಚಿ, ಕೈಕಟ್ಟಿ ನಿಂತರು. ರಾಬೆಂಜ ಆಕಾಶದ ಕ್ಷಮೆ ಕೇಳಿದ. ಭೂಮಿಯ ಕ್ಷಮೆ ಕೇಳಿದ. ದೊಡ್ಡವರ ಪಾದ ಸವೆಸಿದ ಮೆಟ್ಟಿಲುಗಳ ಕ್ಷಮೆ ಕೇಳಿದ. ಚಕ್ರದ ಕೆಳಗೆ ಸಿಕ್ಕಿ ಇಷ್ಟು ಹೊತ್ತು ಭಾರ ಹೊತ್ತ ಕಲ್ಲಿನ, ಸುದ್ದಿ ಹೊತ್ತ ಬುಟ್ಟಿಯ, ತನಗಾಗಿ ತೊಡೆ ಕೊಟ್ಟ ಕುರಿಯ ಕ್ಷಮೆ ಕೇಳಿದ. ಹೊರಡದ ಗಾಡಿಯಿಂದಾಗಿ, ಹೊತ್ತಿಗೆ ಸರಿಯಾಗಿ ಬದುಕಿದ ಒಬ್ಬ ಮಹನೀಯರ ಗಡಿಯಾರಕ್ಕೆ ಆದ ಮನನೋವಿಗೆ ಆ ಗಡಿಯಾರದ ಕ್ಷಮೆಯನ್ನು ಬೇರೆಯಾಗಿ ಕೇಳಿದ.

ರಾಂಜಾತು ಮೀಸೆಯ ಕೆಳಗೆ ಏನೋ ಅಲುಗಿತು. ಗಾಡಿಯೇ ಕಾರಣವೆಂದು ಅವರಿಗೆ ಆಗಲೇ ಅರ್ಥವಾಗಿತ್ತು. ಆದರೆ ಅರ್ಥವಾಯಿತು ಎಂದು ಹೇಳುವ ಅವಕಾಶವೂ ಪೀಠಿಕೆಯಲ್ಲಿಲ್ಲ. ಕಾರು ಮೂತಿ ಕೆಳಗೆ ಹಾಕಿಕೊಂಡು, ತಪ್ಪೊಪ್ಪಿಕೊಂಡವರಂತೆ ನಿಂತೇ ಇತ್ತು.

ಕೊನೆಗೆ ಕ್ಷಮೆ ಕೇಳಲು ಲೋಕದಲ್ಲಿ ಯಾರೂ ಉಳಿಯಲಿಲ್ಲ. ರಾಂಜಾತು ಬಾಯಿ ತೆರೆದರು. ಬಾಗಿಲಲ್ಲಿ ಕೇಳಬೇಕಾದದ್ದನ್ನು ಬೀದಿಯಲ್ಲಿ ಕೇಳಿಸಿಕೊಳ್ಳುವ ಹಾಗಿಲ್ಲ, ಮನೆಗೇ ಬರಬೇಕು, ಅದೂ ಮಧ್ಯಾಹ್ನದ ಗಂಟೆ ಬಾರಿಸುವುದರೊಳಗೆ, ಇಲ್ಲದಿದ್ದರೆ ತಮ್ಮ ಕೈಯೂ ಕಟ್ಟಿದೆ ಎಂದರು. ಅವರ ಮುಖ ನೋಡಲಾರದೆ ರಾಬೆಂಜ ಕಾರಿನೊಳಗೆ ಕೂತು, ಕೈಗೆ ಏನಾದರೂ ಕೆಲಸವಿರಲೆಂದು ಕೀಲಿ ತಿರುಗಿಸಿದ.

ಕಾರು ಹೊತ್ತಿಕೊಂಡಿತು. ನರಳಲಿಲ್ಲ, ಸೀನಲಿಲ್ಲ. ಎಷ್ಟು ಥಟ್ಟನೆ ಎಂದರೆ ರಾಬೆಂಜ ಗಾಬರಿಯಾಗಿ ಆರಿಸಿಬಿಟ್ಟ. ಓಣಿಯಿಡೀ ತಲೆ ಮೇಲೆ ಕೈ ಹೊತ್ತಿತು. ಮತ್ತೆ ತಿರುಗಿಸಿದ. ಮತ್ತೆ ಹೊತ್ತಿಕೊಂಡಿತು.

"ಕಾರಿಗೂ ಯಾರಾದ್ರೂ ಕ್ಷಮೆ ಕೇಳಲಿ ಅಂತ ಇತ್ತು ಕಣೋ," ಎಂದಳು ಅಜ್ಜಿ. "ಎಣ್ಣೆ ಬಿಟ್ಟಿದ್ದು ಈಗ ಇಳೀತು ನೋಡಿ," ಎಂದ ದೆಡೇ.

ಆಗ ರಾಂಜಾತುಗೆ ಹೊಳೆಯಿತು. ಅತಿಥಿಗಳು ಬರುವ ಮೊದಲೇ ಬಾಗಿಲಲ್ಲಿ ಮುಖ ಬಿಗಿದುಕೊಂಡು ನಿಂತಿರಬೇಕಾದವರು ತಾವು. ಗಂಡಿನ ಕಾರಿನಲ್ಲಿ ಕೂತು ತಮ್ಮ ಮನೆಗೆ ತಾವೇ ಸಂಬಂಧ ಕೇಳಲು ಹೋಗುವಂತಿಲ್ಲ. ಬಾಕೂಲಿ, ಫನೀರಿ, ದೆಡೇ ಹಿಂದಿನ ಸೀಟಿಗೆ ಹತ್ತಿದರು. ಕಾರು ಇಳಿಜಾರಿನಲ್ಲಿ ಇಳಿಯುವುದಕ್ಕೂ ಸ್ಟೇಷನ್ ಮಾಸ್ತರರು ಲಾಂಬ ಎತ್ತಿಕಟ್ಟಿ, ತಮ್ಮನ ಕೈ ಹಿಡಿದು ಮೆಟ್ಟಿಲಿನ ಕಡೆ ಓಡುವುದಕ್ಕೂ ಸರಿಹೋಯಿತು. ಇಡೀ ಸೇವಾವಧಿಯಲ್ಲಿ ಅವರು ಓಡಿದ್ದನ್ನು ಯಾರೂ ಕಂಡಿರಲಿಲ್ಲ.

ಸಂತೆಯಲ್ಲಿ ರಾಬೆಂಜ ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ ಕೈಗಾಡಿಯವರನ್ನೂ ಬಾತುಕೋಳಿಗಳನ್ನೂ ಒಂದೇ ಮಾತಿನಲ್ಲಿ ಗದರಿಸಿದಳು. ಕಾರು ರಾಂಜಾತು ಅವರ ಅಂಗಳ ತಲುಪಿದಾಗ ಅಲ್ಲಿನ ಕಂಬದ ನೆರಳು ಮಧ್ಯಾಹ್ನದ ಗೆರೆ ಮುಟ್ಟಲು ಇನ್ನೊಂದು ಚೂರೇ ಉಳಿದಿತ್ತು. ಆದರೂ ಅಜ್ಜಿ ಕಾರನ್ನು ಹೇಗೆ ಬೇಕೋ ಹಾಗೆ ನಿಲ್ಲಿಸಲು ಬಿಡಲಿಲ್ಲ. ಈಶಾನ್ಯಕ್ಕೆ ತಿರುಗಿಸಿ ನಿಲ್ಲಿಸಿದ ಮೇಲೆಯೇ ಪಾತ್ರೆ ಹಿಡಿದು ಇಳಿದಳು.

ಬಾಗಿಲಲ್ಲಿ ರಾಂಜಾತು ಕಲ್ಲಿನಂತೆ ನಿಂತಿದ್ದರು. ಎದೆ ಮಾತ್ರ ತಿದಿಯಂತೆ ಏರಿಳಿಯುತ್ತಿತ್ತು. ಅವರ ತಮ್ಮ ಸಂಪ್ರದಾಯದಂತೆ ಮುಂದೆ ಬಂದು, ಹಣೆಯ ಬೆವರು ಒರೆಸಿಕೊಂಡು ಕೇಳಿದ: "ಯಾರಪ್ಪ ನೀವು? ಎಲ್ಲಿಂದ ಬಂದ್ರಿ? ನಾವು ನಿಮ್ಮನ್ನ ಎಲ್ಲೂ ನೋಡಿದ ಹಾಗಿಲ್ವಲ್ಲ."

ಯಾರೂ ನಗಲಿಲ್ಲ. ನಗದಿರಲು ಬಾಕೂಲಿ ಲಾಂಬದ ಅಂಚನ್ನು ಬಾಯಿಗೆ ತುರುಕಿಕೊಳ್ಳಬೇಕಾಯಿತು. ರಾಬೆಂಜ ಮುಂದೆ ಬಂದು ಮಾತಿಗಾಗಿ ತಡಕಾಡಿದ. ಒಳಗೆ ಏನೂ ಇರಲಿಲ್ಲ. ಎಲ್ಲವನ್ನೂ ಆ ಕಡೆ ಖರ್ಚು ಮಾಡಿ ಬಂದಿದ್ದ.

"ನನ್ನ ಕ್ಷಮೆಗಳನ್ನೆಲ್ಲ ಗುಡ್ಡದ ಆ ಮಗ್ಗುಲಲ್ಲಿ ಒಪ್ಪಿಸಿ ಬಂದಿದೀನಿ," ಎಂದ. "ಉಳಿದಿರೋದು ಒಂದೇ ಮಾತು. ಈ ಹುಡುಗನಿಗೆ ಅಪ್ಪ ಇಲ್ಲ, ನಾನಿದೀನಿ. ನಿಮ್ಮ ಹಾಸಿನಾನ ನಮಗೆ ಕೊಡಿ."

ಇಷ್ಟು ಚಿಕ್ಕ ಕಬಾರಿಯನ್ನು ಆ ಪಟ್ಟಣ ಕೇಳಿರಲಿಲ್ಲ. ತಪ್ಪು ಹಿಡಿಯಲು ವಾರದಿಂದ ತಯಾರಿ ನಡೆಸಿದ್ದ ತಮ್ಮನಿಗೆ ಹಿಡಿಯಲು ತುದಿಯೇ ಸಿಗಲಿಲ್ಲ. ರಾಂಜಾತು ಅಂಗಳದ ನೆರಳು ನೋಡಿದರು, ಬಾಗಿಲ ಸಂದಿಯಲ್ಲಿದ್ದ ಮಗಳನ್ನು ನೋಡಿದರು, ಕರಿ ಮೆತ್ತಿದ ಹುಡುಗನನ್ನು ನೋಡಿದರು.

"ಕೊಟ್ಟೆ," ಎಂದರು. "ಈಗ ಮಾವ ಅನ್ನು."

ಗುಡ್ಡದ ಮೇಲೆ ಗಂಟೆ ಬಾರಿಸಿತು.

ಊಟ ಸಂಜೆಯವರೆಗೂ ನಡೆಯಿತು. ಹೊರಡುವ ಹೊತ್ತಿಗೆ ಎರಡೂ ಕಡೆಯ ಗಂಡಸರು ಯಾರೂ ಹೇಳದೆಯೇ ತೋಳು ಮಡಿಚಿಕೊಂಡು ಕಾರಿನ ಹಿಂದೆ ಸಾಲಾಗಿ ನಿಂತರು. ಇನ್ನು ಬೀಗರಲ್ಲವೇ, ತಳ್ಳುವುದರಲ್ಲಿ ಸಮಪಾಲು. ರಾಬೆಂಜ ಕೀಲಿ ಮುಟ್ಟಿದ. ಕಾರು ಎದ್ದು ನಾಲ್ಕು ಮಾರು ಹೊರಟೇಬಿಟ್ಟಿತು. ತಳ್ಳಲು ಬಾಗಿದ್ದ ಸ್ಟೇಷನ್ ಮಾಸ್ತರರು ಗಾಳಿಯನ್ನು ತಳ್ಳಿ ಮುಗ್ಗರಿಸಿದರು.

ಬಾಕೂಲಿ ಆಗ ಬೀಗಿತ್ತಿಯ ಜೊತೆ ಕಾಫಿ ಬಗ್ಗಿಸುತ್ತಿದ್ದಳು. ಕೈಯಲ್ಲಿದ್ದ ಕೆಟಲನ್ನು ನೋಡಿದಳು, ಅಂಗಳ ನೋಡಿದಳು. ಪೂರ್ವದ ಈ ಮಗ್ಗುಲಲ್ಲಿ ಈಶಾನ್ಯವೆಂದರೆ ಇಳಿಜಾರು. ಕಾರು ಇಷ್ಟು ಹೊತ್ತು ಗದ್ದೆಗಳ ಕಡೆ ಮೂತಿ ಇಳಿಬಿಟ್ಟುಕೊಂಡು ನಿಂತಿತ್ತು. ಪೆಟ್ರೋಲು ಹಿಂದೆ, ಎಂಜಿನ್ನು ಮುಂದೆ.

"ಕೆಟಲ್ ಮೂತಿ ಮೇಲೆತ್ತಿ ಹಿಡಿದ್ರೆ ಲೋಟಕ್ಕೆ ಕಾಫಿ ಬೀಳುತ್ತಾ?" ಎಂದಳು. "ರಾತ್ರಿಯೆಲ್ಲ ಅದನ್ನ ಮೂತಿ ಮೇಲೆ ಮಾಡಿ ಮಲಗಿಸ್ತೀರಿ. ಇರೋ ಪೆಟ್ರೋಲೆಲ್ಲ ಹೊಟ್ಟೆಗೆ ವಾಪಸ್ ಹೋಗುತ್ತೆ."

ದೆಡೇ, ತಾನೂ ಇದನ್ನೇ ಹೇಳಬೇಕೆಂದಿದ್ದೆ ಎಂದ. ಇನ್ನು ಮನೆಯ ಮುಂದೆ ಮುಖ ಕೆಳಗೆ ಮಾಡಿ ನಿಲ್ಲಿಸೋಣವೆಂದು ಫನೀರಿ ಮೆಲ್ಲಗೆ ಹೇಳಿದ. ಅಜ್ಜಿ ಅದನ್ನು ಕೇಳಿಸಿಕೊಳ್ಳಲೂ ಒಪ್ಪಲಿಲ್ಲ. ಪೆಟ್ರೋಲು ಎಲ್ಲಿಗೆ ಬೇಕಾದರೂ ಹೋಗಲಿ, ಹಿರೀಕರು ಎಲ್ಲಿಗೂ ಹೋಗುವುದಿಲ್ಲ ಎಂದಳು.

ರಾಬೆಂಜ ಯೋಚಿಸಿದ. ಆಮೇಲೆ ಕಾರಿನಿಂದಿಳಿದು, ಲಾಂಬ ಸರಿಮಾಡಿಕೊಂಡು, ರಾಂಜಾತು ಎದುರು ನಿಂತು ಗಂಟಲು ಸರಿಮಾಡಿಕೊಂಡ. ಬೀಗರು ಕೈಯೆತ್ತಿ ತಡೆದರು. "ಪೀಠಿಕೆ ಬೇಡ ಅಣ್ಣ. ಗೊತ್ತಾಯಿತು. ಮಗಳು ಆ ಕಡೆ ಹೋಗಲಿ, ಕಾರು ಈ ಕಡೆ ಮಲಗಲಿ."

ಹಾಗೆಯೇ ಆಯಿತು. ಹಾಸಿನಾ ಮದುವೆಯಾಗಿ ಪಶ್ಚಿಮದ ಮಗ್ಗುಲಿಗೆ ಬಂದಳು. ಕತ್ರೆಲ್ ಪೂರ್ವದ ಮಗ್ಗುಲಲ್ಲಿ, ಶಾಸ್ತ್ರಕ್ಕೂ ಎಂಜಿನ್ನಿಗೂ ಒಪ್ಪುವಂತೆ, ಈಶಾನ್ಯಕ್ಕೆ ತಲೆ ಹಾಕಿ ಮಲಗತೊಡಗಿತು. ರಾಬೆಂಜ ಪ್ರತಿದಿನ ಮೆಟ್ಟಿಲು ಹತ್ತಿ ಇಳಿದು, ಬೀಗರ ಮನೆಯ ಕಾಫಿ ಕುಡಿದು, ಕಾರು ಹತ್ತಿ, ಗುಡ್ಡ ಸುತ್ತಿ ತನ್ನ ಮನೆಗೇ ವಾಪಸ್ ಬರುತ್ತಿದ್ದ. ಸಂಜೆ ಕಾರನ್ನು ಮತ್ತೆ ಅಲ್ಲೇ ಮಲಗಿಸಿ ಮೆಟ್ಟಿಲು ಹತ್ತಿ ಇಳಿದು ಬರುತ್ತಿದ್ದ. ನಡೆಯುವ ಕಷ್ಟ ತಪ್ಪಿತೆಂದು ಎಲ್ಲರಿಗೂ ಹೇಳುತ್ತಿದ್ದ. ಕೀಲಿಯನ್ನು ಹೊತ್ತು ತಿರುಗುವುದೇಕೆಂದು ಬೀಗರ ಬಾಗಿಲ ಮೊಳೆಗೇ ನೇತುಹಾಕಿದ. ರಾಂಜಾತು ಕಾರಿನ ಪಕ್ಕ ಗಡಿಯಾರ ಹಿಡಿದು ನಿಲ್ಲತೊಡಗಿದರು, ಆಮೇಲೆ ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿದರು, ಆಮೇಲೆ ಓಡಿಸುವುದನ್ನೂ ಕಲಿತು ಸಂತೆಗೆ ಹೋಗುವ ನೆರೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು.

ಒಂದು ದಿನ ರಾಬೆಂಜ ಮೆಟ್ಟಿಲ ಮೇಲೆ ಪೆರ್ಲೀನಳ ಜೊತೆ ಎರಡು ಮಾತು ಹೆಚ್ಚಾಡಿದ. ಅಂಗಳಕ್ಕೆ ಬಂದು ನೋಡಿದರೆ ಕಾರು ಇರಲಿಲ್ಲ. ಬೀಗಿತ್ತಿ ಅಂಗಳ ಗುಡಿಸುತ್ತಿದ್ದಳು.

"ಈಗ ತಾನೇ ಹೊರಡ್ತು ಅಣ್ಣ," ಎಂದಳು. "ಅವರು ಯಾರಿಗೂ ಕಾಯಲ್ಲ, ನಿಮಗೆ ಗೊತ್ತಲ್ಲ. ನಾಳೆ ಸ್ವಲ್ಪ ಬೇಗ ಬನ್ನಿ."